ಬೆಳಿಗ್ಗೆ ಕತ್ತು ಹಿಡಿದುಕೊಳ್ಳುವುದು, ಮತ್ತು ವ್ಯಾಯಾಮ ಬಿಡದೆ ಮಾಡುವ ದಾರಿ

ಕುಶಾಲನಗರ ಲೆಕ್ಕದವ:
ಎಲ್ಲರಿಗೂ ನಮಸ್ಕಾರ. ಕಾಫಿ ಖರೀದಿ ಮಾಡುವ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು ನಲವತ್ತು ದಾಟಿದೆ. ಸೀಸನ್ ಶುರುವಾದರೆ ತೂಕ, ತೇವಾಂಶ, ಔಟ್‌ಟರ್ನ್ (ತಂದ ಕಾಫಿಯಲ್ಲಿ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ), ಬಿಲ್ಲು, ಮತ್ತೆ ತೂಕ, ಹೀಗೇ ರಾತ್ರಿ ಆಗಿಬಿಡುತ್ತದೆ. ಬೆಳಿಗ್ಗೆ ಎದ್ದಾಗ ಕತ್ತಿನ ಬಲಗಡೆ ಹಿಡಿದುಕೊಂಡಿರುತ್ತದೆ, ಬೈಕ್‌ನಲ್ಲಿ ಹೋಗುವಾಗ ತಿರುಗಿ ನೋಡಲು ಆಗುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಸಡಿಲ ಆಗುತ್ತದೆ. ಡಾಕ್ಟರ್ ನೋಡಿದ್ದಾರೆ, ಎಕ್ಸ್‌ರೇ ಆಗಿದೆ, ಗಾಬರಿಯಾಗುವಂಥದ್ದು ಏನಿಲ್ಲ ಅಂದಿದ್ದಾರೆ. ವ್ಯಾಯಾಮ ಹೇಳಿಕೊಟ್ಟಿದ್ದಾರೆ.

ನನ್ನ ಪ್ರಶ್ನೆ ಎರಡು. ಹೇಗೆ ಮಲಗಬೇಕು, ಎಂಥ ದಿಂಬು ಇಡಬೇಕು? ಇನ್ನೊಂದು, ವ್ಯಾಯಾಮ ಶುರು ಮಾಡುತ್ತೇನೆ, ಕೆಲವು ದಿನ ನಡೆಯುತ್ತದೆ, ಆಮೇಲೆ ನಿಂತುಹೋಗುತ್ತದೆ. ಮನಸ್ಸು ಮಾಡಿದರೆ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆ ಮನಸ್ಸು ಮಾಡುವುದು ಹೇಗೆ ಅಂತ ಯಾರೂ ಹೇಳುವುದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇದು ಸರಿಹೋಗಿದ್ದರೆ ದಯವಿಟ್ಟು ಬರೆಯಿರಿ.

ಗೋಣಿಕೊಪ್ಪ ಫಿಸಿಯೋ:
ಮೊದಲ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ ಸರ್. ಸ್ವಲ್ಪ ಉದ್ದ ಆಗಬಹುದು.

ನಮ್ಮ ತಲೆಯ ತೂಕ ಸುಮಾರು 4.5ರಿಂದ 5 ಕಿಲೋ. ಕತ್ತಿನಲ್ಲಿರುವ 7 ಮೂಳೆ ಮತ್ತು ಸುತ್ತಲಿನ ಸ್ನಾಯುಗಳು ಹಗಲೆಲ್ಲಾ ಅದನ್ನು ಹೊತ್ತಿರುತ್ತವೆ. ರಾತ್ರಿ ಅವಕ್ಕೆ ವಿಶ್ರಾಂತಿ ಬೇಕು. ದಿಂಬಿನ ಕೆಲಸ ತಲೆಯನ್ನು ಎತ್ತರಿಸುವುದಲ್ಲ, ಹಾಸಿಗೆಗೂ ಕತ್ತಿಗೂ ನಡುವೆ ಉಳಿಯುವ ಜಾಗವನ್ನು ತುಂಬುವುದು. ಈ ಒಂದು ವಿಷಯ ಗೊತ್ತಿದ್ದರೆ ಅಂಗಡಿಯಲ್ಲಿ ಯಾವ ದಿಂಬು ತಗೋಬೇಕು ಅನ್ನುವ ಗೊಂದಲ ಅರ್ಧ ಕಮ್ಮಿ ಆಗುತ್ತದೆ.

ಮಗ್ಗುಲಾಗಿ ಮಲಗುವವರಿಗೆ ಕಿವಿಗೂ ಭುಜದ ತುದಿಗೂ ನಡುವೆ ಎಷ್ಟು ಜಾಗ ಇದೆಯೋ ಅಷ್ಟು ದಪ್ಪ ಬೇಕು. ಅಂಗಾತ ಮಲಗುವವರಿಗೆ ಅದಕ್ಕಿಂತ ತೆಳ್ಳಗಿರಬೇಕು, ಆದರೆ ಕತ್ತಿನ ಬಾಗಿನ ಕೆಳಗೆ ಖಾಲಿ ಬಿಡಬಾರದು. ಸಣ್ಣ ಟವೆಲ್ ಸುತ್ತಿ ದಿಂಬಿನ ಕವರ್ ಒಳಗೆ ಕೆಳ ಅಂಚಿಗೆ ಇಟ್ಟರೆ ಆ ಜಾಗ ತುಂಬುತ್ತದೆ. ಬೋರಲು ಮಲಗುವುದನ್ನು ಮಾತ್ರ ಬಿಡಿ ಅನ್ನುತ್ತೇನೆ, ಯಾಕೆಂದರೆ ಉಸಿರಾಡಲು ತಲೆಯನ್ನು ಒಂದು ಕಡೆ ಪೂರ್ತಿ ತಿರುಗಿಸಲೇಬೇಕು, ಗಂಟೆಗಟ್ಟಲೆ ಹಾಗೇ ಇದ್ದರೆ ಆ ಕಡೆಯ ಕೀಲು, ಸ್ನಾಯು ಬಿಗಿಯಾಗುತ್ತವೆ. ನಿಮ್ಮ ನೋವು ಒಂದೇ ಕಡೆ ಅಂದಿರಿ, ಅದಕ್ಕೇ ಕೇಳುತ್ತಿದ್ದೇನೆ, ನೀವು ಬೋರಲು ಮಲಗುತ್ತೀರಾ?

ಮನೆಯವರ ಹತ್ತಿರ ಒಂದು ಫೋಟೊ ತೆಗೆಸಿ. ಮಗ್ಗುಲಾಗಿ ಮಲಗಿದಾಗ ಮುಂದಿನಿಂದ ನೋಡಿದರೆ ಮೂಗು, ಗಲ್ಲ, ಎದೆಯ ನಡುಭಾಗ ಒಂದೇ ಗೆರೆಯಲ್ಲಿ ಇರಬೇಕು. ಮೂಗು ಹಾಸಿಗೆ ಕಡೆ ವಾಲಿದ್ದರೆ ದಿಂಬು ತೆಳು, ಮಾಡಿನ ಕಡೆ ಎದ್ದಿದ್ದರೆ ದಪ್ಪ.

ಮಾಂದಲಪಟ್ಟಿ ಜೀಪು:
ನನ್ನದು ಡ್ರೈವಿಂಗ್ ಕೆಲಸ. ಬೆಳಗಿನ ಜಾವ ಪ್ರವಾಸಿಗರನ್ನು ಜೀಪಿಗೆ ಹತ್ತಿಸಿಕೊಂಡು ಬೆಟ್ಟದ ಮೇಲೆ ಹೋಗುವುದು, ಅವರು ಮಂಜು ನೋಡಿ ವಾಪಸ್ ಬರುವವರೆಗೆ ಸೀಟಿನಲ್ಲೇ ಒಂದು ನಿದ್ದೆ. ಆ ನಿದ್ದೆಯಿಂದಲೇ ಕತ್ತು ಉಳುಕುತ್ತದೆ. ಗೆಳೆಯರು ಕಟಿಂಗ್ ಅಂಗಡಿಗೆ ಹೋಗಿ ಒಂದು ಸಲ ಲಟಕ್ ಅನ್ನಿಸಿಕೊಂಡು ಬಾ, ಎಲ್ಲಾ ಸರಿಹೋಗುತ್ತದೆ ಅಂತಾರೆ. ಹೋಗಬಹುದಾ?

ಶನಿವಾರಸಂತೆ ಸಿಸ್ಟರ್:
ದಯವಿಟ್ಟು ಹೋಗಬೇಡಿ ಅಣ್ಣ. ಮಿದುಳಿಗೆ ರಕ್ತ ಒಯ್ಯುವ ನಾಳಗಳಲ್ಲಿ ಎರಡು ಕತ್ತಿನ ಮೂಳೆಗಳ ಒಳಗಿಂದಲೇ ಹೋಗುತ್ತವೆ. ಜೋರಾಗಿ ತಿರುಚಿದಾಗ ಆ ನಾಳದ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಅಪರೂಪ ನಿಜ, ಆದರೆ ಒಮ್ಮೆ ಆಯಿತು ಅಂದರೆ ವಾಪಸ್ ಸರಿಮಾಡುವುದು ಕಷ್ಟ. ನಿದ್ದೆಯಲ್ಲಿ ಉಳುಕಿದ ಕತ್ತು ಹೆಚ್ಚಿನವರಿಗೆ ಒಂದು ವಾರದೊಳಗೆ ತಾನಾಗೇ ಸಡಿಲವಾಗುತ್ತದೆ. ಬಿಸಿನೀರಿನ ಬ್ಯಾಗ್ ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟುಕೊಳ್ಳಿ, ನೋವಾಗದಷ್ಟು ನಿಧಾನವಾಗಿ ತಲೆ ಆಡಿಸುತ್ತಾ ಇರಿ. ಪೂರ್ತಿ ಅಲ್ಲಾಡಿಸದೆ ಇಟ್ಟರೆ ಇನ್ನೂ ಬಿಗಿಯಾಗುತ್ತದೆ.

ಇದನ್ನು ಓದುತ್ತಿರುವ ಎಲ್ಲರಿಗೂ ಒಂದು ಮಾತು. ಕೈಗೆ ಜೋಮು ಹಿಡಿಯುವುದು, ಹಿಡಿದ ವಸ್ತು ಕೈಯಿಂದ ಜಾರುವುದು, ನಡೆಯುವಾಗ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರದ ಜೊತೆ ಕತ್ತು ಮುಂದಕ್ಕೆ ಬಾಗದಿರುವುದು, ಮರದಿಂದ ಅಥವಾ ಏಣಿಯಿಂದ ಬಿದ್ದ ಮೇಲೆ ಬಂದ ನೋವು, ಇವುಗಳಲ್ಲಿ ಒಂದಿದ್ದರೂ ದಿಂಬು ಬದಲಾಯಿಸುತ್ತಾ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಕರಿಮೆಣಸು ಕೊಯ್ಯುವ ಕಾಲದಲ್ಲಿ ಏಣಿಯಿಂದ ಬಿದ್ದವರು ಎಣ್ಣೆ ಹಚ್ಚಿಕೊಂಡು ಮನೆಯಲ್ಲೇ ಇರುತ್ತಾರೆ. ನನಗೆ ಅದು ತುಂಬಾ ಸಂಕಟ ಕೊಡುತ್ತದೆ.

ಸೋಮವಾರಪೇಟೆ ಟೀಚರ್:
ಎರಡನೇ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ನಾನು ಪ್ರಯತ್ನ ಮಾಡುತ್ತೇನೆ. ಮೂವತ್ತು ವರ್ಷಕ್ಕಿಂತ ಜಾಸ್ತಿ ಮಕ್ಕಳಿಗೆ ಪಾಠ ಹೇಳಿದ್ದೇನೆ, ನಿವೃತ್ತಿಯಾದ ಮೇಲೆ ಮನಶ್ಶಾಸ್ತ್ರ ಓದುವ ಹುಚ್ಚು ಹಿಡಿದಿದೆ.

ತಮ್ಮಾ, ನೀನು ಮನಸ್ಸು ಗಟ್ಟಿಯಿಲ್ಲದವನಲ್ಲ. ಸೀಸನ್ ಪೂರ್ತಿ ಒಂದು ಚೀಲದ ಲೆಕ್ಕ ತಪ್ಪದ ಹಾಗೆ ನೋಡಿಕೊಳ್ಳುವವನಿಗೆ ಮನಸ್ಸಿನ ಬಲ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ. ಆ ಬಲ ಕೆಲಸದಲ್ಲಿದೆ, ವ್ಯಾಯಾಮದಲ್ಲಿಲ್ಲ, ಅಷ್ಟೆ. ಅದನ್ನು ಈ ಕಡೆ ತರಬೇಕು.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್ಮನ್ 2004ರಲ್ಲಿ ಮನುಷ್ಯರ ಒಳ್ಳೆಯ ಗುಣಗಳನ್ನು 24 ಅಂತ ಪಟ್ಟಿ ಮಾಡಿದರು. ಕುತೂಹಲ, ಕಲಿಯುವ ಆಸೆ, ಹಿಡಿದದ್ದು ಬಿಡದ ಛಲ, ದಯೆ, ನ್ಯಾಯ, ತಂಡದಲ್ಲಿ ದುಡಿಯುವುದು, ಮುಂದಾಳುತನ, ಕೃತಜ್ಞತೆ, ಹೀಗೆ. ಎಲ್ಲರಲ್ಲೂ ಎಲ್ಲವೂ ಸ್ವಲ್ಪ ಸ್ವಲ್ಪ ಇರುತ್ತವೆ, ಆದರೆ ಕೆಲವು ಮಾತ್ರ ನಮ್ಮದೇ ಅನ್ನುವಷ್ಟು ಸಲೀಸಾಗಿ ಹೊರಗೆ ಬರುತ್ತವೆ. 2005ರಲ್ಲಿ ಸೆಲಿಗ್ಮನ್ ಮತ್ತು ಜೊತೆಗಾರರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ನಿಮ್ಮ ಮುಖ್ಯ ಗುಣ ಯಾವುದು ಅಂತ ಗುರುತಿಸಿಕೊಳ್ಳಿ ಅಂದರು. ಇನ್ನೊಂದು ಗುಂಪಿಗೆ ಅಷ್ಟೇ ಸಾಲದು, ಒಂದು ವಾರ ದಿನಾಲೂ ಆ ಗುಣವನ್ನು ಹೊಸ ರೀತಿಯಲ್ಲಿ ಬಳಸಿ ಅಂದರು. ಬರೀ ಗುರುತಿಸಿಕೊಂಡವರಲ್ಲಿ ಆದ ಬದಲಾವಣೆ ಬೇಗ ಕರಗಿತು. ಬಳಸಿದವರಲ್ಲಿ ಸಂತೋಷ ಹೆಚ್ಚಾಗಿ, ಬೇಸರ ಕಮ್ಮಿಯಾಗಿ, ಅದು 6 ತಿಂಗಳವರೆಗೆ ಕಂಡಿತು. ಆ ಪ್ರಯೋಗ ಸಂತೋಷದ ಬಗ್ಗೆ, ಕತ್ತು ನೋವಿನ ಬಗ್ಗೆ ಅಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಬಳಸುವುದೇ ಮುಖ್ಯ ಅನ್ನುವ ಮಾತು ನನಗೆ ಇಲ್ಲೂ ಸರಿ ಕಾಣುತ್ತದೆ.

ನಿನ್ನ ಗುಣ ಯಾವುದು ಅಂತ ಕಂಡುಕೊಳ್ಳಲು ದೊಡ್ಡ ಪರೀಕ್ಷೆ ಬೇಡ. ಯಾರೂ ಹೇಳದೇ ಇದ್ದರೂ ನೀನು ಮಾಡುವ ಕೆಲಸ ಯಾವುದು? ಜನ ಯಾವ ಕೆಲಸಕ್ಕೆ ನಿನ್ನನ್ನೇ ಹುಡುಕಿಕೊಂಡು ಬರುತ್ತಾರೆ? ಏನು ಮಾಡುವಾಗ ಗಡಿಯಾರ ನೋಡುವುದಿಲ್ಲ? ನಿನ್ನ ಹೆಂಡತಿಯನ್ನೂ ಕೇಳು, ನಮ್ಮ ಗುಣ ನಮಗಿಂತ ಮನೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನೀನು ಲೆಕ್ಕದವನು. ಹಾಗಾದರೆ ಕತ್ತಿಗೂ ಒಂದು ಲೆಕ್ಕದ ಪುಸ್ತಕ ಇಡು. ಯಾವ ಕಡೆ ಮಲಗಿದೆ, ದಿಂಬು ಎಷ್ಟು ಬೆರಳು ದಪ್ಪ, ಮಲಗುವ ಮೊದಲು ಮೊಬೈಲ್ ನೋಡಿದೆಯಾ, ಬೆಳಿಗ್ಗೆ ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು, ವ್ಯಾಯಾಮ ಆಯಿತಾ. ಕಾಲಂ ಖಾಲಿ ಇದ್ದರೆ ನಿನಗೆ ನಿದ್ದೆ ಬರುವುದಿಲ್ಲ, ಅಲ್ವಾ?

ಏಲಕ್ಕಿ ಮಲೆ:
ಟೀಚರ್, ಗೌರವದಿಂದಲೇ ಹೇಳುತ್ತೇನೆ, ನನಗೆ ಇದು ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಬೇಕಾದದ್ದು ಶಿಸ್ತು. ನಮ್ಮ ಕೊಡಗು ಜಿಲ್ಲೆಯಲ್ಲಿ ಪ್ರತಿ ಊರಿನಲ್ಲೂ ಮಿಲಿಟರಿಯಿಂದ ಬಂದವರು ಇದ್ದಾರೆ. ನಮ್ಮ ತಂದೆ ಕೂಡ. ಐದು ಗಂಟೆಗೆ ಏಳಬೇಕು ಅಂದರೆ ಏಳಬೇಕು. ನನ್ನ ಗುಣ ಯಾವುದು ಅಂತ ಅವರು ಕೇಳುತ್ತಾ ಕೂತಿರಲಿಲ್ಲ.

ಸೋಮವಾರಪೇಟೆ ಟೀಚರ್:
ನಿಮ್ಮ ತಂದೆಯವರಿಗೆ ಶಿಸ್ತೇ ಅವರ ಗುಣ, ಅದು ಅವರ ಕೈಯಲ್ಲಿ ಚೆನ್ನಾಗಿ ಕೆಲಸ ಮಾಡಿತು. ಆ 24ರಲ್ಲಿ ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳುವುದೂ ಒಂದು. ಆದರೆ ಒಂದು ವಿಷಯ ಯೋಚಿಸಿ, ಪಲ್ಟನ್‌ನಲ್ಲಿ ಅವರು ಒಬ್ಬರೇ ಏಳುತ್ತಿರಲಿಲ್ಲ. ಸುತ್ತ ನೂರು ಜನ ಏಳುತ್ತಿದ್ದರು. 1997ರಲ್ಲಿ ಕರಡ ಅನ್ನುವ ಊರಿನಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯನ್ನೇ ನೋಡಿ. ಇಡೀ ವರ್ಷ ಒಂದು ಮೈಲಿ ನಡೆಯದವರೂ ಮನೆತನದ ಹೆಸರಿಗೆ ಆಡಬೇಕು ಅಂದರೆ ಮೈದಾನಕ್ಕೆ ಬಂದು ಅಭ್ಯಾಸ ಮಾಡುತ್ತಾರೆ. ಅವರಿಗೆ ಒಮ್ಮೆಲೇ ಶಿಸ್ತು ಎಲ್ಲಿಂದ ಬಂತು? ಜೊತೆಯವರಿಗಾಗಿ ಬಂತು. ಒಬ್ಬರೇ ಮನೆಯಲ್ಲಿ ವ್ಯಾಯಾಮ ಮಾಡಿ ಅಂದರೆ ಅದೇ ಜನ ಮಾಡುವುದಿಲ್ಲ. ಅದಕ್ಕೇ ನಾನು ಎಲ್ಲರಿಗೂ ಒಂದೇ ದಾರಿ ಹೇಳುವುದಿಲ್ಲ.

ಲೈನ್‌ಮನೆ ಅಕ್ಕ:
ನಾನು ತೋಟದ ಕೆಲಸದವಳು, ಸಿದ್ದಾಪುರ ಕಡೆ. ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಫಿಸಿಯೋ ಸರ್ ಹೇಳಿದ ದಿಂಬು ಎಲ್ಲಾ ಸರಿ. ನಾವು ಚಾಪೆ ಮೇಲೆ ಮಲಗುವವರು, ಹಳೇ ಸೀರೆ ಮಡಚಿ ತಲೆಗೆ ಇಟ್ಟುಕೊಳ್ಳುವುದು. ಸಂಜೆ ಕಾಫಿ ಹಣ್ಣು ತುಂಬಿದ ಚೀಲವನ್ನು ತಲೆ ಮೇಲೆ ಹೊತ್ತು ತೂಕದ ಜಾಗಕ್ಕೆ ತರುತ್ತೇವೆ. ಕತ್ತು ನೋವು ನಮ್ಮಲ್ಲಿ ಎಲ್ಲರಿಗೂ ಇದೆ. ಗುಣ ಬಳಸಿ, ಮನಸ್ಸು ಮಾಡಿ ಅಂದರೆ ತಪ್ಪು ನಮ್ಮದೇ ಅಂದಹಾಗೆ ಕೇಳುತ್ತದೆ ಟೀಚರಮ್ಮ. ಹೊರೆ ಕಮ್ಮಿಯಾಗದೆ ಬರೀ ಮನಸ್ಸಿನಿಂದ ಏನಾಗುತ್ತದೆ?

ಗೋಣಿಕೊಪ್ಪ ಫಿಸಿಯೋ:
ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಹೊರೆಯೇ ಕಾರಣ ಆದಾಗ ಹೊರೆ ಇಳಿಸುವುದೇ ಮೊದಲ ಚಿಕಿತ್ಸೆ, ಅದು ಕೆಲಸ ಕೊಡುವವರ ಜವಾಬ್ದಾರಿ. ಚೀಲ ಅರ್ಧ ತುಂಬಿಸಿ ಎರಡು ಸಲ ತರುವುದು, ಎತ್ತಿ ತಲೆಗೆ ಇಡುವಾಗ, ಇಳಿಸುವಾಗ ಇಬ್ಬರು ಕೈ ಹಾಕುವುದು, ದಾರಿಯವರೆಗೆ ಪಿಕಪ್ ಬರುವುದು, ಇವೆಲ್ಲಾ ಯಾವ ವ್ಯಾಯಾಮಕ್ಕಿಂತಲೂ ದೊಡ್ಡದು.

ಮಲಗುವ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ. ಮಡಚಿದ ಸೀರೆ ಕಳಪೆ ದಿಂಬು ಅಲ್ಲ. ಒಂದು ಮಡಿಕೆ ಸೇರಿಸಬಹುದು, ಒಂದು ತೆಗೆಯಬಹುದು, ಸಾವಿರಾರು ರೂಪಾಯಿ ದಿಂಬಿನಲ್ಲಿ ಅದು ಆಗುವುದಿಲ್ಲ. ಆದರೆ ಇದನ್ನು ಗಮನಿಸಿ. ಮೆತ್ತನೆ ಹಾಸಿಗೆಯಲ್ಲಿ ಭುಜ ಒಳಗೆ ಇಳಿಯುತ್ತದೆ, ಹಾಗಾಗಿ ತೆಳ್ಳಗಿನ ದಿಂಬು ಸಾಕು. ಚಾಪೆ ಮೇಲೆ ಭುಜ ಇಳಿಯುವುದಿಲ್ಲ, ಮಗ್ಗುಲಾದರೆ ಕಿವಿಯಿಂದ ನೆಲಕ್ಕೆ ಜಾಗ ಜಾಸ್ತಿ. ಹೆಚ್ಚಿನವರು ಚಾಪೆ ಮೇಲೆ ತೀರಾ ತೆಳುವಾಗಿ ಇಟ್ಟುಕೊಳ್ಳುತ್ತಾರೆ. ಮಗ್ಗುಲಾಗುವಾಗ ಇನ್ನೂ ಎರಡು ಮಡಿಕೆ ಹಾಕಿ, ಕಂಬಳಿ ಇದ್ದರೆ ಭುಜ ಮತ್ತು ಸೊಂಟದ ಕೆಳಗೆ ಒಂದು ಪದರ ಹಾಸಿ. ಎದೆಗೆ ಒಂದು ಬಟ್ಟೆ ಗಂಟು ಅಪ್ಪಿಕೊಂಡರೆ ಮೇಲಿನ ಕೈ ಮುಂದಕ್ಕೆ ಜಾರಿ ಭುಜ ಎಳೆಯುವುದಿಲ್ಲ.

ಏಲಕ್ಕಿ ಮಲೆ:
ಅಕ್ಕ ಹೇಳಿದ್ದು ಓದಿದೆ. ನಮ್ಮ ತೋಟದಲ್ಲೂ ಚೀಲ ತಲೆ ಮೇಲೇ ಬರುತ್ತದೆ. ಈ ಸಲ ಕೊಯ್ಲಿಗೆ ಚೀಲ ಅರ್ಧಕ್ಕೇ ಕಟ್ಟಿಸುತ್ತೇನೆ, ಇಳಿಜಾರಿನ ಬ್ಲಾಕ್‌ಗಳಿಗೆ ಪಿಕಪ್ ದಾರಿ ಸರಿಮಾಡಿಸುತ್ತೇನೆ. ಇಲ್ಲಿ ಬರೆದಿದ್ದೇನೆ, ಮಾಡದಿದ್ದರೆ ಕೇಳಿ.

ಸೋಮವಾರಪೇಟೆ ಟೀಚರ್:
ಅಕ್ಕ, ನಿಮ್ಮ ಮಾತು ನನಗೆ ತಾಗಿತು. ನೋವಿರುವವರ ಮೇಲೆ ತಪ್ಪು ಹೊರಿಸುವ ಯಾವ ಮಾತೂ ನನಗೆ ಬೇಡ. ನಿಮ್ಮ ಬರಹ ಓದಿ ನನಗೆ ಅನ್ನಿಸಿದ್ದು ಇಷ್ಟು. ಎಲ್ಲರ ಪರವಾಗಿ ಎದ್ದು ಮಾತಾಡುವ ಧೈರ್ಯ ನಿಮ್ಮಲ್ಲಿದೆ, ನ್ಯಾಯ ಯಾವುದು ಅಂತ ಗೊತ್ತಿದೆ. ಮೇಲೆ ಒಬ್ಬ ತೋಟದ ಮಾಲೀಕರು ಮಾತು ಕೊಟ್ಟರು, ಅದು ನೀವು ಬರೆದದ್ದರಿಂದ. ನಿಮ್ಮ ಗುಂಪಿನಲ್ಲಿ ನೀವು ಹೇಳಿದರೆ ಕೇಳುತ್ತಾರಾ?

ಲೈನ್‌ಮನೆ ಅಕ್ಕ:
ಕೇಳುತ್ತಾರೆ. ಕಾಫಿ ಕುಡಿಯಲು ಕೂರುವಾಗ ಎಲ್ಲರೂ ನನ್ನ ಸುತ್ತಲೇ ಇರುತ್ತಾರೆ. ಆಗ ಮಾಡುವಂಥದ್ದು ಏನಾದರೂ ಇದ್ದರೆ ಹೇಳಿ ಸರ್, ಮಾಡಿಸುತ್ತೇನೆ. ಚೀಲದ ವಿಷಯ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹತ್ತಿರ ನಾನೇ ಮಾತಾಡುತ್ತೇನೆ.

ಗೋಣಿಕೊಪ್ಪ ಫಿಸಿಯೋ:
ಎರಡೇ ಸಾಕು. ನೆಟ್ಟಗೆ ಕೂತು, ಮುಖ ಕೆಳಗೆ ಮೇಲೆ ಮಾಡದೆ, ಗಲ್ಲವನ್ನು ಹಿಂದಕ್ಕೆ ಎಳೆಯುವುದು. ಐದು ಎಣಿಸುವವರೆಗೆ ಹಿಡಿದು ಬಿಡುವುದು, ಹತ್ತು ಸಲ. ಆಮೇಲೆ ಬೆನ್ನಿನ ಎರಡು ರೆಕ್ಕೆ ಮೂಳೆಗಳನ್ನು ಹತ್ತಿರ ತಂದು ಐದು ಎಣಿಸುವುದು, ಅದೂ ಹತ್ತು ಸಲ. ಸೆಳೆತ ಅನ್ನಿಸಬಹುದು, ಚುಚ್ಚುವ ನೋವು ಬಂದರೆ, ಕೈಗೆ ಜೋಮು ಬಂದರೆ ನಿಲ್ಲಿಸಿ. ಕೊಯ್ಲಿನಲ್ಲಿ, ಮೆಣಸು ಬಿಡಿಸುವಾಗ ತಲೆ ಮೇಲಕ್ಕೆತ್ತಿಯೇ ಇರುತ್ತೀರಿ, ಕತ್ತಿನ ಮುಂಭಾಗದ ಒಳಗಿನ ಸ್ನಾಯುಗಳಿಗೂ ಬಲ ಬೇಕು. ಮೊದಲನೆಯದು ಅವುಗಳಿಗೆ. ಲೆಕ್ಕದ ಸರ್, ನಿಮಗೂ ಇವೇ ಎರಡು. ಮೊದಲನೆಯದನ್ನು ಹಾಸಿಗೆಯಲ್ಲಿ ಅಂಗಾತ ಮಲಗಿಯೇ ಮಾಡಬಹುದು.

ಮಡಿಕೇರಿ ಮಳೆ:
ಸಣ್ಣ ಪ್ರಶ್ನೆ. ಮೆಮೊರಿ ಫೋಮ್ ದಿಂಬು ತಂದೆ. ಚಳಿಗಾಲದಲ್ಲಿ ಕಲ್ಲಾಗುತ್ತದೆ. ದಿಂಬು ಹಾಳಾಯಿತಾ?

ಗೋಣಿಕೊಪ್ಪ ಫಿಸಿಯೋ:
ಇಲ್ಲ. ಆ ಫೋಮ್ ಗುಣವೇ ಹಾಗೆ, ತಣ್ಣಗಾದರೆ ಗಟ್ಟಿ, ಮೈ ಬಿಸಿ ತಾಗಿದರೆ ಮೆತ್ತಗೆ. ಮಲಗುವ ಮೊದಲು ಸ್ವಲ್ಪ ಹೊತ್ತು ಕಂಬಳಿಯೊಳಗೆ ಇಡಿ. ಮಳೆಗಾಲದಲ್ಲಿ ಹತ್ತಿ ದಿಂಬು ಇಟ್ಟುಕೊಳ್ಳುವವರು ಬೇರೆ ವಿಷಯ ನೋಡಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಿಸಿಲಿಗೆ ಒಣಗಿಸಲು ಆಗುವುದಿಲ್ಲ, ಹತ್ತಿ ತೇವ ಎಳೆದು ಗಂಟು ಕಟ್ಟುತ್ತದೆ, ಬೂಷ್ಟು ಹಿಡಿಯುತ್ತದೆ. ಒಗೆದು ಬೇಗ ಒಣಗುವ ಫೈಬರ್ ದಿಂಬು ಆ ನಾಲ್ಕು ತಿಂಗಳಿಗೆ ವಾಸಿ.

ಕುಶಾಲನಗರ ಲೆಕ್ಕದವ:
ಕೆಲವು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಟೀಚರ್ ಹೇಳಿದ ಹಾಗೆ ಪುಸ್ತಕ ಇಟ್ಟೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಅಂತ ನನಗೇ ಹೊಳೆಯಿತು, ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಲೆಕ್ಕ ಕೂಡುವುದಿಲ್ಲ. ಮೊದಲು ದಿಂಬು ಮಾತ್ರ. ಹೆಂಡತಿ ಫೋಟೊ ತೆಗೆದಳು, ಮೂಗು ಮಾಡಿನ ಕಡೆ ಇತ್ತು, ಎರಡು ದಿಂಬು ಇಡುತ್ತಿದ್ದೆ, ಒಂದು ತೆಗೆದು ಟವೆಲ್ ಸೇರಿಸಿದೆ. ಬೆಳಗಿನ ಅಂಕಿ ಏಳರಿಂದ ಐದಕ್ಕೆ ಬಂತು, ಅಲ್ಲೇ ನಿಂತಿತು.

ಆಮೇಲೆ ಕಾಲಂಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ವಿಷಯ ಕಂಡಿತು. ಜಾಸ್ತಿ ನೋವಿದ್ದ ಬೆಳಗುಗಳ ಹಿಂದಿನ ರಾತ್ರಿ ಹೆಚ್ಚಾಗಿ ಹಾಸಿಗೆಯಲ್ಲಿ ಬೋರಲಾಗಿ ಮೊಬೈಲ್‌ನಲ್ಲಿ ಕಾಫಿ ರೇಟು ನೋಡುತ್ತಾ ಹಾಗೇ ನಿದ್ದೆ ಹೋಗಿದ್ದೆ. ಈಗ ಮೊಬೈಲ್ ಹಾಲ್‌ನಲ್ಲಿ ಚಾರ್ಜಿಗೆ. ವ್ಯಾಯಾಮ ಬಿಟ್ಟ ದಿನ ಕಾಲಂನಲ್ಲಿ ಗೆರೆ ಎಳೆಯಬೇಕು, ಅದು ನನಗೆ ಆಗುವುದೇ ಇಲ್ಲ, ಹಾಗಾಗಿ ಬಿಟ್ಟಿಲ್ಲ. ಈಗ ಅಂಕಿ ಎರಡು ಮೂರರಲ್ಲಿ ಇದೆ. ಪೂರ್ತಿ ಹೋಗಿಲ್ಲ. ಬೈಕ್‌ನಲ್ಲಿ ತಿರುಗಿ ನೋಡಲು ಆಗುತ್ತದೆ, ಅದೇ ನನಗೆ ದೊಡ್ಡದು.

ತಲೆ ಬಗ್ಗಿಸಿದರೆ ಕತ್ತಿನ ಮೇಲೆ 27 ಕಿಲೋ ಭಾರ ಅಂತ ಎಲ್ಲೋ ಓದಿದೆ, ನಿಜವಾ ಸರ್?

ಗೋಣಿಕೊಪ್ಪ ಫಿಸಿಯೋ:
ಅದು 2014ರಲ್ಲಿ ನ್ಯೂಯಾರ್ಕ್‌ನ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ ಪ್ರಕಟಿಸಿದ ಲೆಕ್ಕ, 60 ಡಿಗ್ರಿ ಬಗ್ಗಿಸಿದರೆ ಸುಮಾರು 27 ಕಿಲೋ. ಕಂಪ್ಯೂಟರ್ ಮಾದರಿಯಲ್ಲಿ ಬಂದದ್ದು, ಬದುಕಿರುವವರ ಕತ್ತಿನಲ್ಲಿ ಅಳೆದದ್ದಲ್ಲ. ಆ ಅಂಕಿಗೆ ಹೆದರಬೇಡಿ, ಕತ್ತು ಬಗ್ಗುವುದಕ್ಕೇ ಇರುವುದು. ಒಂದೇ ಭಂಗಿಯಲ್ಲಿ ಜಾಸ್ತಿ ಹೊತ್ತು ಇರುವುದೇ ತೊಂದರೆ. ಬಿಲ್ಲು ಬರೆಯುವಾಗ ಅರ್ಧ ಗಂಟೆಗೊಮ್ಮೆ ಎದ್ದು ತೂಕದ ಕಡೆ ಒಂದು ಸುತ್ತು ಹೋಗಿ ಬನ್ನಿ. ನಿಮ್ಮ ಪುಸ್ತಕದ ಒಂದು ಪುಟವನ್ನು ನನ್ನ ಬೇರೆ ರೋಗಿಗಳಿಗೆ ತೋರಿಸಬಹುದಾ? ಹೆಸರು ಇರುವುದಿಲ್ಲ.

ಶನಿವಾರಸಂತೆ ಸಿಸ್ಟರ್:
ತುಂಬಾ ಖುಷಿಯಾಯಿತು. ಪುಸ್ತಕದಲ್ಲಿ ಎಷ್ಟು ಗಂಟೆ ನಿದ್ದೆ ಅನ್ನುವ ಕಾಲಂ ಕೂಡ ಸೇರಿಸಿ. ನಿದ್ದೆ ಕಮ್ಮಿಯಾದರೆ ಅದೇ ನೋವು ಜಾಸ್ತಿ ಅನ್ನಿಸುತ್ತದೆ. ಚಳಿಗೆ ಭುಜ ಕಿವಿವರೆಗೆ ಎಳೆದುಕೊಂಡು ಮಲಗುವುದೂ ನಮ್ಮ ಕಡೆ ಜಾಸ್ತಿ, ಕತ್ತಿಗೆ ಒಂದು ಮಫ್ಲರ್ ಸಡಿಲವಾಗಿ ಇರಲಿ.

ಲೈನ್‌ಮನೆ ಅಕ್ಕ:
ನಾವೂ ಮಾಡುತ್ತಿದ್ದೇವೆ. ಮೊದಲು ಎಲ್ಲರೂ ನಕ್ಕರು. ಈಗ ನಾನು ಮರೆತರೆ ಅವರೇ ಜ್ಞಾಪಿಸುತ್ತಾರೆ. ಚೀಲದ ವಿಷಯ ರೈಟರ್ ಮಾಲೀಕರಿಗೆ ಹೇಳುತ್ತೇನೆ ಅಂದಿದ್ದಾರೆ, ಇನ್ನೂ ಉತ್ತರ ಬಂದಿಲ್ಲ. ಬಿಡುವುದಿಲ್ಲ, ಮತ್ತೆ ಕೇಳುತ್ತೇನೆ.

ಮಾಂದಲಪಟ್ಟಿ ಜೀಪು:
ಕಟಿಂಗ್ ಅಂಗಡಿಗೆ ಹೋಗಲಿಲ್ಲ ಸಿಸ್ಟರ್. ನನ್ನದು ಜನರ ಜೊತೆ ಮಾತಾಡುವ ಸ್ವಭಾವ, ಪುಸ್ತಕ ಬರೆಯಲು ಆಗುವುದಿಲ್ಲ. ಮೇಲೆ ಕಾಯುವಾಗ ಬೇರೆ ಡ್ರೈವರ್‌ಗಳನ್ನೂ ಸೇರಿಸಿಕೊಂಡು ಗಲ್ಲ ಹಿಂದಕ್ಕೆ ಎಳೆಯುವುದನ್ನು ಮಾಡುತ್ತೇವೆ. ಆದರೆ ಸೀಟಿನಲ್ಲಿ ನಿದ್ದೆ ಬಂದರೆ ತಲೆ ಮುಂದಕ್ಕೆ ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ಕತ್ತಿನ ದಿಂಬು ಹಾಕಿದರೆ ಹಿಂದೆ ದಪ್ಪ ಆಗಿ ತಲೆ ಇನ್ನೂ ಮುಂದಕ್ಕೆ ತಳ್ಳುತ್ತದೆ. ಏನು ಮಾಡಲಿ?

ಗೋಣಿಕೊಪ್ಪ ಫಿಸಿಯೋ:
ಅದನ್ನು ತಿರುಗಿಸಿ ಹಾಕಿ ಅಣ್ಣ, ದಪ್ಪ ಭಾಗ ಗಲ್ಲದ ಕೆಳಗೆ ಬರಲಿ, ತೆರೆದ ಬಾಯಿ ಹಿಂದಕ್ಕೆ. ತಲೆ ಮುಂದಕ್ಕೆ ಬಿದ್ದಾಗ ಅದು ತಡೆಯುತ್ತದೆ. ಸೀಟು ಹಿಂದಕ್ಕೆ ವಾಲುವುದಾದರೆ ವಾಲಿಸಿ, ವಾಲದಿದ್ದರೆ ಹಿಂದಿನ ಸೀಟಿಗೆ ಹೋಗಿ ಮೂಲೆಗೆ ಒರಗಿ ಮಲಗಿ, ಕಿಟಕಿ ಮತ್ತು ತಲೆಯ ನಡುವೆ ಜಾಕೆಟ್ ಮಡಚಿ ಇಡಿ. ಎದ್ದ ತಕ್ಷಣ ಇಳಿಜಾರಿನಲ್ಲಿ ಗಾಡಿ ಬಿಡಬೇಡಿ, ಕೆಳಗಿಳಿದು ಭುಜ ತಿರುಗಿಸಿ, ಎರಡೂ ಕಡೆ ಕತ್ತು ತಿರುಗುತ್ತದೆ ಅಂತ ನೋಡಿಕೊಂಡು ಆಮೇಲೆ ಕೀ ಹಾಕಿ.